ವಿದೇಶಿ ಕಂಪನಿಗಳ ಎರಡು ಆರ್ ಅಂಡ್ ಡಿ (ಸಂಶೋಧನೆ, ಅಭಿವೃದ್ಧಿ) ಕೆಲ್ಸದ ಆಫರ್, ಯಾವ್ದು ತಗೊಳ್ಳೋದು?

ತಮಾ, ಸಂಬಳ ನೋಡೋಕೆ ಮೊದ್ಲು ಆ ವಿದೇಶಿ ಕಂಪನಿ ಇಲ್ಲಿ ಆರ್ ಅಂಡ್ ಡಿ ಯಾಕೆ ಇಟ್ಟಿದೆ ಅಂತ ನೋಡು. ಕೆಲವ್ರು ಇಂಜಿನಿಯರುಗಳನ್ನ ಹುಡುಕ್ಕೊಂಡು ಬಂದವ್ರು, 1985ರಲ್ಲಿ ಅಮೆರಿಕದ ಚಿಪ್ ಕಂಪನಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗ್ಳೂರಿಗೆ ಬಂದ ಹಾಗೆ, ಚಿಪ್ ಡಿಸೈನ್ ಇಲ್ಲಿ, ಮಾರೋದು ಜಗತ್ತಿಗೆಲ್ಲ. ಕೆಲ್ಸ ಚೆನ್ನಾಗಿ ಕಲೀಬಹುದು, ಆದ್ರೆ ಏನು ಮಾಡ್ಬೇಕು ಅನ್ನೋದು ಹೆಚ್ಚಾಗಿ ಹೆಡ್ ಆಫೀಸಲ್ಲೇ ತೀರ್ಮಾನ.

ಇನ್ನೊಂದು ಥರದ್ದು ಇಲ್ಲಿನ ಮಾರ್ಕೆಟ್‌ಗೆ ಅಂತ್ಲೇ ಇರೋದು. ಅಮೆರಿಕದ ಜಿಇ ಕಂಪನಿ ಬೆಂಗ್ಳೂರಲ್ಲಿ ಮಾಡಿದ ಮ್ಯಾಕ್ 400 ಇಸಿಜಿ ಮಷಿನ್ ಇದ್ಯಲ್ಲ, ಬ್ಯಾಟರಿ ಮೇಲೆ ಓಡತ್ತೆ, ಹೊತ್ಕೊಂಡು ಹೋಗ್ಬಹುದು, ಮಳೆಗಾಲದಲ್ಲಿ ಕರೆಂಟ್ ಹೋಗೋ ನಮ್ಮ ಶಿರಸಿ ಸೀಮೆ ಹಳ್ಳಿ ಡಾಕ್ಟರಿಗೆ ಇಂಥದ್ದೇ ಬೇಕು, ದೂರದ ದೇಶದಲ್ಲಿ ಕೂತವ್ರಿಗೆ ಈ ಕಷ್ಟ ಹೊಳೆಯಲ್ಲ. ನಾನಾದ್ರೆ ಈ ಎರಡನೇ ಥರದ್ದೇ ತಗೋತಿದ್ದೆ. ಇಂಟರ್‌ವ್ಯೂನಲ್ಲಿ ಒಂದು ಕೇಳು, ಪೇಟೆಂಟಲ್ಲಿ ಇಲ್ಲಿಯವ್ರ ಹೆಸ್ರು ಬರತ್ತಾ ಅಂತ.