ಟರ್ಬೊವಿಎನ್‌ಸಿ, ವರ್ಚುವಲ್‌ಜಿಎಲ್: ಎರಡು ವರ್ಷ ಬಳಸಿದ ಮೇಲೆ

ಗ್ರಾಫಿಕ್ಸ್ ಕಾರ್ಡ್ ಇರುವ ನನ್ನ ಕಂಪ್ಯೂಟರ್ ಶಿರಸಿಯ ಮನೆಯಲ್ಲಿದೆ. ನಾನಿರುವುದು ಬೆಂಗಳೂರಿನ ಪಿಜಿಯಲ್ಲಿ, ಇಲ್ಲಿರುವುದು ಹಳೇ ಲ್ಯಾಪ್‌ಟಾಪ್ ಒಂದೇ. ಹೊಸದಕ್ಕೆ ದುಡ್ಡಿಲ್ಲ. ಹಾಗಾಗಿ ಟರ್ಬೊವಿಎನ್‌ಸಿ (ದೂರದ ಕಂಪ್ಯೂಟರಿನ ಪರದೆಯನ್ನು ಇಲ್ಲಿ ತೋರಿಸುವ ವಿಎನ್‌ಸಿ ಸಾಫ್ಟ್‌ವೇರ್), ವರ್ಚುವಲ್‌ಜಿಎಲ್ ಎಂಬ ಎರಡು ಪುಕ್ಕಟೆ ಸಾಫ್ಟ್‌ವೇರ್ ನಂಬಿಕೊಂಡು ಅಲ್ಲಿನ ಉಬುಂಟು ಲಿನಕ್ಸಿನಲ್ಲಿ ತ್ರೀಡಿ ಮಾಡೆಲ್ ಮಾಡುವ ಫ್ರೀಕ್ಯಾಡ್ ಓಡಿಸುತ್ತೇನೆ.

ಬೆಳಿಗ್ಗೆ ಕಾಫಿ ಲೋಟ ಪಕ್ಕಕ್ಕಿಟ್ಟು, ಎಸ್‌ಎಸ್‌ಎಚ್ ಹಾಕಿ (ನೆಟ್‌ವರ್ಕ್ ಮೂಲಕ ಆ ಕಂಪ್ಯೂಟರಿಗೆ ಲಾಗಿನ್ ಆಗಿ), ಡೆಸ್ಕ್‌ಟಾಪ್ ತೆರೆದ ಕೂಡಲೇ ಟೈಪ್ ಮಾಡುವುದು ‘ವಿಜಿಎಲ್‌ರನ್ ಜಿಎಲ್‌ಎಕ್ಸ್‌ಇನ್ಫೊ’. ಚಿತ್ರ ಬಿಡಿಸುತ್ತಿರುವುದು ಯಾವುದು ಅಂತ ತೋರಿಸುವ ಕಮಾಂಡ್ ಅದು. ರೆಂಡರರ್ ಸಾಲಿನಲ್ಲಿ ಕಾರ್ಡಿನ ಹೆಸರು ಕಂಡರೆ ಸಮಾಧಾನ. ‘ಎಲ್‌ಎಲ್‌ವಿಎಂಪೈಪ್’ ಅಂತ ಬಂದರೆ ಕಾರ್ಡ್ ಸುಮ್ನೆ ಕೂತಿದೆ, ಚಿತ್ರವನ್ನೆಲ್ಲ ಸಿಪಿಯು ಒಂದೇ ಬಿಡಿಸುತ್ತಿದೆ ಅಂತ ಅರ್ಥ. ಬರೀ ವಿಎನ್‌ಸಿಯಲ್ಲಿ ಸಾಮಾನ್ಯವಾಗಿ ಆಗುವುದು ಇದೇ. ವರ್ಚುವಲ್‌ಜಿಎಲ್ ಮಾತ್ರ ತ್ರೀಡಿ ಕೆಲಸವನ್ನು ಕಾರ್ಡಿಗೆ ಕೊಟ್ಟು, ತಯಾರಾದ ಚಿತ್ರವನ್ನಷ್ಟೇ ವಿಎನ್‌ಸಿಗೆ ದಾಟಿಸುತ್ತದೆ. ಮಾಡೆಲ್ ಹಿಡಿದು ತಿರುಗಿಸಿದರೆ ಮೌಸಿನ ಜೊತೆಗೇ ತಿರುಗುತ್ತದೆ. ಎರಡು ವರ್ಷವಾದರೂ ಆ ಖುಷಿ ಕಡಿಮೆಯಾಗಿಲ್ಲ.

ಸಿಟ್ಟು ಬಂದಿದ್ದು ಕಳೆದ ಮಳೆಗಾಲದಲ್ಲಿ ಕಾರ್ಡಿನ ಡ್ರೈವರ್ (ಕಾರ್ಡನ್ನು ಲಿನಕ್ಸ್ ಬಳಸುವಂತೆ ಮಾಡುವ ಸಾಫ್ಟ್‌ವೇರ್) ಬದಲಿಸಿದಾಗ. ಹಾಕುವಾಗ ಒಂದು ಪಾಸ್‌ವರ್ಡ್ ಕೇಳಿತು, ಕೊಟ್ಟು ರೀಬೂಟ್ ಮಾಡಿದೆ. ಮತ್ತೆ ಒಳಗೆ ಹೋದರೆ ಎಲ್‌ಎಲ್‌ವಿಎಂಪೈಪ್! ಡ್ರೈವರಿನ ಮಾಡ್ಯೂಲನ್ನು ಲೋಡ್ ಮಾಡುವ ಮಾಡ್‌ಪ್ರೋಬ್ ಕಮಾಂಡ್ ಕೊಟ್ಟರೆ ‘ಕೀ ವಾಸ್ ರಿಜೆಕ್ಟೆಡ್ ಬೈ ಸರ್ವಿಸ್’, ಅಂದರೆ ಸಹಿಯ ಕೀಯನ್ನು ಒಪ್ಪಿಲ್ಲ ಅಂತ. ಒಪ್ಪಿದ ಕೀಯಿಂದ ಸಹಿ ಮಾಡದ ಮಾಡ್ಯೂಲನ್ನು ಒಳಗೆ ಬಿಡದ ಸೆಕ್ಯೂರ್ ಬೂಟ್ ಆನ್ ಇತ್ತು. ಹೊಸ ಮಾಡ್ಯೂಲಿಗೆ ಸಹಿ ಹಾಕಿದ ಕೀಯನ್ನು ಒಪ್ಪಿಕೊಳ್ಳಬೇಕಾ ಅಂತ ಕೇಳುವ ನೀಲಿ ಪರದೆ ಲಿನಕ್ಸ್ ಶುರುವಾಗುವ ಮೊದಲೇ ಬರುತ್ತದೆ. ಆಗ ನೆಟ್‌ವರ್ಕೂ ಇಲ್ಲ, ಎಸ್‌ಎಸ್‌ಎಚ್ಚೂ ಇಲ್ಲ. 10 ಸೆಕೆಂಡಿನೊಳಗೆ ಕಂಪ್ಯೂಟರಿನ ಎದುರಿದ್ದವರು ಕೀಬೋರ್ಡಿನ ಒಂದು ಕೀ ಒತ್ತಬೇಕು, ಇಲ್ಲದಿದ್ದರೆ ಅದು ತನ್ನ ಪಾಡಿಗೆ ಮುಂದೆ ಹೋಗುತ್ತದೆ. ದೂರದಲ್ಲಿ ಕೂತವರು ಏನು ಮಾಡಬೇಕು ಹೇಳಿ?

ಆಯಿಗೆ ಫೋನ್ ಮಾಡಿದೆ. ಮೋಕ್‌ಯುಟಿಲ್ ಎಂಬ ಕಮಾಂಡಿನಲ್ಲಿ ಆ ಕೀ ಸೇರಿಸಲು ಮತ್ತೆ ಕೋರಿಕೆ ಹಾಕಿ, ಅವಳಿಗೆ ಸುಲಭವಾಗಲಿ ಅಂತ ನೀಲಿ ಪರದೆಯಲ್ಲಿ ಕೊಡಬೇಕಾದ ಪಾಸ್‌ವರ್ಡಿಗೆ ಎಂಟು ಅಂಕಿ ಇಟ್ಟು, ರೀಬೂಟ್ ಕೊಟ್ಟೆ. ಮೊದಲ ಸಲ ಕನ್ನಡಕ ಹುಡುಕುವಷ್ಟರಲ್ಲಿ ಪರದೆ ಹೋಯಿತು. ಎರಡನೇ ಸಲ ಕನ್ನಡಕ ಹಾಕಿಕೊಂಡೇ ಕೂತಿದ್ದಳು. “ತಮಾ, ನೀಲಿ ಬಂತು, ಎಂತ ಒತ್ತವು?” ಎನ್‌ರೋಲ್, ಕಂಟಿನ್ಯೂ, ಯೆಸ್ ಅಂತ ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ಟೈಪ್ ಮಾಡಿದ ಪಾಸ್‌ವರ್ಡ್ ಅಲ್ಲಿ ಕಾಣುವುದಿಲ್ಲ, ಹಾಗಾಗಿ ಒಂದೊಂದು ಅಂಕಿ ಒತ್ತಿದಾಗಲೂ ಜೋರಾಗಿ ಹೇಳುತ್ತಿದ್ದಳು. ಎರಡು ನಿಮಿಷದ ಮೇಲೆ ಕಾರ್ಡಿನ ಹೆಸರು ಬಂತು.

ಇವೆರಡನ್ನು ಬಿಡುವ ಮಾತೇ ಇಲ್ಲ, ಧೈರ್ಯವಾಗಿ ಹಾಕಿಕೊಳ್ಳಿ. ಡ್ರೈವರ್ ಮಾತ್ರ ಮೊದಲ ಸಲ ಕಂಪ್ಯೂಟರಿನ ಎದುರು ಕೂತೇ ಹಾಕಿ. ನಾನು ಡ್ರೈವರನ್ನು ‘ಆಪ್ಟ್-ಮಾರ್ಕ್ ಹೋಲ್ಡ್’ ಕೊಟ್ಟು ಅಪ್‌ಡೇಟ್ ಆಗದಂತೆ ನಿಲ್ಲಿಸಿದ್ದೇನೆ, ದೀಪಾವಳಿಗೆ ಊರಿಗೆ ಹೋದಾಗಲೇ ತೆಗೆಯುವುದು.