ಶಾಲೆಗೆ ಯಾವ ಆಕರ ಒಗ್ಗುತ್ತದೆ: ವಿಶ್ವಕೋಶ, ಇಂಗ್ಲಿಷ್ ವಿಕಿಪೀಡಿಯ, ಕನ್ನಡ ವಿಕಿಪೀಡಿಯ

ಒಂಬತ್ತನೇ ತರಗತಿಯ ಮಕ್ಕಳಿಗೆ ರೂಪಣಾತ್ಮಕ ಮೌಲ್ಯಮಾಪನಕ್ಕೆಂದು ಕೊಡಗಿನ ಬಗ್ಗೆ ಬರೆದು ತರಲು ಹೇಳಿದರೆ, ಅವರ ಕೈ ಮೊದಲು ಹೋಗುವುದು ಮೊಬೈಲಿಗೆ. ಅಲ್ಲಿ ಮೊದಲು ಸಿಗುವುದು ವಿಕಿಪೀಡಿಯ. ಅದನ್ನು ಮುಟ್ಟಲೇಬಾರದು ಎನ್ನುವ ಶಿಕ್ಷಕರೂ ಇದ್ದಾರೆ, ಅದರಿಂದ ಇಳಿಸಿಕೊಂಡು ಬಂದರೆ ಸಾಕು ಎನ್ನುವವರೂ ಇದ್ದಾರೆ. ಸೋಮವಾರಪೇಟೆ ತಾಲ್ಲೂಕಿನಲ್ಲಿ ಕನ್ನಡ ಪಾಠ ಮಾಡುವ ನನಗೆ ಎರಡೂ ಒಪ್ಪಿಗೆಯಾಗದ ಕಾರಣ, ಒಂದೇ ವಿಷಯವನ್ನು ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶ, ಇಂಗ್ಲಿಷ್ ವಿಕಿಪೀಡಿಯ, ಕನ್ನಡ ವಿಕಿಪೀಡಿಯ ಈ ಮೂರರಲ್ಲೂ ಮಕ್ಕಳಿಂದಲೇ ಹುಡುಕಿಸಿ ನೋಡುತ್ತ ಬಂದಿದ್ದೇನೆ. ಓದಿದ ಮಾತು ಎಲ್ಲಿಂದ ಬಂತು ಎಂದು ಮಗು ಕೇಳಿದಾಗ ಆ ಆಕರ ಏನು ಉತ್ತರ ಕೊಡುತ್ತದೆ ಎಂಬುದೇ ನನ್ನ ಅಳತೆಗೋಲು.

ಭಾಷೆಯ ಮಟ್ಟಿಗೆ ವಿಶ್ವಕೋಶಕ್ಕೆ ಸಾಟಿಯಿಲ್ಲ. ಹದಿನಾಲ್ಕು ಸಂಪುಟಗಳಲ್ಲಿ ಯಾವ ಪುಟ ತೆರೆದರೂ ವಾಕ್ಯಗಳು ಕನ್ನಡದವೇ ಆಗಿರುತ್ತವೆ, ಮತ್ತು ಮಕ್ಕಳು ಅಲ್ಲಿಂದ ಎತ್ತಿಕೊಂಡ ಬರವಣಿಗೆಯಲ್ಲಿ ನಾನು ವ್ಯಾಕರಣ ತಿದ್ದುವ ಪ್ರಸಂಗ ಕಡಿಮೆ. ಆದರೆ ಮಡಿಕೇರಿ, ಸೋಮವಾರಪೇಟೆ, ವಿರಾಜಪೇಟೆಗಳ ಜೊತೆಗೆ ಕುಶಾಲನಗರ, ಪೊನ್ನಂಪೇಟೆಗಳೂ ತಾಲ್ಲೂಕುಗಳಾದದ್ದು ಅಚ್ಚಾದ ಪುಸ್ತಕಕ್ಕೆ ಗೊತ್ತಾಗುವ ಬಗೆಯಿಲ್ಲ; 2018ರ ಆಗಸ್ಟ್‌ನ ಭೂಕುಸಿತವೂ ಅದರಲ್ಲಿಲ್ಲ, ನಮ್ಮ ಮಕ್ಕಳಿಗೋ ಅದು ಮನೆಯಲ್ಲಿ ಈಗಲೂ ನಡೆಯುವ ಮಾತು.

ಇಂಗ್ಲಿಷ್ ವಿಕಿಪೀಡಿಯದಲ್ಲಿ 60 ಲಕ್ಷಕ್ಕೂ ಹೆಚ್ಚು ಲೇಖನಗಳಿವೆ. ಆಧಾರ ತೋರಿಸುವುದರಲ್ಲಿ ನಾನು ಅದಕ್ಕೇ ಮೊದಲ ಸ್ಥಾನ ಕೊಡುತ್ತೇನೆ. ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರು ಹುಟ್ಟಿದ್ದು ಜನವರಿ 28ರಂದು ಎನ್ನುವುದರಲ್ಲಿ ತಕರಾರಿಲ್ಲ; ವರ್ಷ ಮಾತ್ರ ಕೆಲವೆಡೆ 1899, ಕೆಲವೆಡೆ 1900 ಎಂದಿದೆ. ತರಗತಿಯಲ್ಲಿ ಈ ಎರಡೂ ಉತ್ತರ ಬಂದಾಗ ಸರಿಯಾದದ್ದನ್ನು ನಾನೇ ಹೇಳಿ ಮುಗಿಸಲಿಲ್ಲ. ವಾಕ್ಯದ ತುದಿಯ ಅಂಕಿಯನ್ನು ಒತ್ತಿಸಿ, ಅಡಿಟಿಪ್ಪಣಿಗೆ ಇಳಿದು, ಅಲ್ಲಿ ಹೆಸರಿಸಿದ ಪುಸ್ತಕ ಯಾವುದು, ಬರೆದವರು ಯಾರು, ಯಾವಾಗ ಬರೆದದ್ದು ಎಂಬುದನ್ನು ಅವರಿಂದಲೇ ಓದಿಸಿದೆ. ಅಚ್ಚಾಗಿರುವ ಎರಡು ಮಾತುಗಳಲ್ಲಿ ಒಂದನ್ನು ಆರಿಸಬೇಕಾದರೆ ಕಾರಣ ಕೊಡಬೇಕು ಎಂಬುದು ಅವರಿಗೆ ಅಂದು ತಿಳಿಯಿತು. ತೊಡಕಿರುವುದು ಓದುವುದರಲ್ಲಿ. ಕನ್ನಡ ಮಾಧ್ಯಮದ ಮಕ್ಕಳು ಆ ಪುಟವನ್ನು ಮೊಬೈಲಿನ ಯಂತ್ರಾನುವಾದಕ್ಕೆ ಕೊಟ್ಟು, ಬಂದದ್ದನ್ನು ಅರ್ಥ ಮಾಡಿಕೊಳ್ಳದೆ ಬಿಳಿ ಹಾಳೆಗೆ ಇಳಿಸಿ ತರುತ್ತಾರೆ.

2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯ 30 ಸಾವಿರ ಲೇಖನಗಳನ್ನು ದಾಟಿದೆ. ಬರೀ ಓದುವ ಆಕರವೆಂದು ನೋಡಿದರೆ ಮೂರರಲ್ಲಿ ಇದೇ ಹಿಂದೆ. ಎಷ್ಟೋ ಪುಟಗಳು ನಾಲ್ಕು ಸಾಲಿಗೇ ನಿಲ್ಲುತ್ತವೆ, ಆಧಾರವಿಲ್ಲದ ವಾಕ್ಯಗಳು ಬಹಳ. 2010ರ ಆಸುಪಾಸಿನಲ್ಲಿ ಗೂಗಲ್‌ನ ಅನುವಾದ ಸಲಕರಣೆಯಿಂದ ಬಂದು ಸೇರಿದ ಉದ್ದುದ್ದ ಲೇಖನಗಳಂತೂ ಅಕ್ಷರ ಮಾತ್ರ ಕನ್ನಡವಾಗಿದ್ದು, ಜೋರಾಗಿ ಓದಿದರೆ ಉಸಿರು ಕಟ್ಟುತ್ತದೆ. ಆದರೂ ನನ್ನ ತರಗತಿಗೆ ನಾನು ಆರಿಸುವುದು ಇದನ್ನೇ, ಏಕೆಂದರೆ ಮೂರರಲ್ಲಿ ನಮ್ಮ ಮಕ್ಕಳು ತಮ್ಮ ಭಾಷೆಯಲ್ಲಿ ಕೈಹಾಕಿ ತಿದ್ದಬಹುದಾದದ್ದು ಇದೊಂದೇ. ಪುಟದ ಮೇಲಿನ ‘ಇತಿಹಾಸ’ವನ್ನು ಒತ್ತಿದರೆ ಯಾರು, ಯಾವ ದಿನ, ಯಾವ ಪದ ಕಿತ್ತು ಯಾವುದನ್ನು ಇಟ್ಟರು ಎಂಬುದು ಸಾಲು ಸಾಲಾಗಿ ಕಾಣುತ್ತದೆ, ‘ಚರ್ಚೆ’ಯಲ್ಲಿ ಜಗಳವೂ ಕಾಣುತ್ತದೆ. ಪಠ್ಯಪುಸ್ತಕವನ್ನು ಪ್ರಶ್ನಿಸಲು ಹೆದರುವ ಹುಡುಗರು ಇಲ್ಲಿ ಧೈರ್ಯವಾಗಿ ‘ಇದಕ್ಕೆ ಆಧಾರ ಎಲ್ಲಿ?’ ಎನ್ನುತ್ತಾರೆ.

ಕೊಡಗಿನ ಸುಗ್ಗಿಹಬ್ಬವಾದ ಪುತ್ತರಿಯ ಬಗ್ಗೆ ಬರೆಯುವಾಗ ಈ ಪ್ರಶ್ನೆ ಅವರ ಕಡೆಗೇ ತಿರುಗಿತು. ನೆರೆ ಎಂಬ ಎಲೆಗಳ ಕಟ್ಟನ್ನು ಕಟ್ಟುವುದಕ್ಕೆ ಯಾವ ಯಾವ ಮರದ ಎಲೆ ಬೇಕು, ಕದಿರು ತೆಗೆಯುವಾಗ ‘ಪೊಲಿ ಪೊಲಿ ದೇವಾ’ ಎಂದು ಹೇಗೆ ಕೂಗುತ್ತಾರೆ ಎಂಬುದನ್ನೆಲ್ಲ ಒಬ್ಬ ಹುಡುಗಿ ಅಜ್ಜಿಯನ್ನು ಕೇಳಿ ಬಹಳ ಚೆನ್ನಾಗಿ ಬರೆದು ತಂದಿದ್ದಳು. ಬಾಯಿಮಾತಿನ ತಿಳಿವಳಿಕೆಗೆ ವಿಕಿಪೀಡಿಯದಲ್ಲಿ ಜಾಗವಿಲ್ಲ, ಪ್ರಕಟವಾದ ಆಧಾರ ಬೇಕೇ ಬೇಕು ಎಂದಾಗ ಅವಳು, “ಹಾಗಾದ್ರೆ ನಮ್ಮ ಅಜ್ಜಿ ಹೇಳಿದ್ದು ಸುಳ್ಳಾ ಸರ್?” ಎಂದು ಕೇಳಿದಳು. ಈ ನಿಯಮ ಕೊಡಗಿನಂತಹ ನಾಡಿಗೆ ಭಾರವೆಂದೇ ನಾನು ತಿಳಿದಿದ್ದೇನೆ. ಕೊಡವ ತಕ್ಕ್, ಅರೆಭಾಷೆ, ಯರವರ ಮಾತು ಇವುಗಳಲ್ಲಿ ಉಳಿದುಬಂದದ್ದರಲ್ಲಿ ಅಚ್ಚಿಗೆ ಹೋದದ್ದು ಸ್ವಲ್ಪವೇ. ಪುಣ್ಯಕ್ಕೆ ಪುತ್ತರಿಗೆ ನಡಿಕೇರಿಯಂಡ ಚಿಣ್ಣಪ್ಪನವರು 1924ರಲ್ಲಿ ಪ್ರಕಟಿಸಿದ, ಕೊಡವರ ಹಾಡು-ಆಚರಣೆಗಳ ಸಂಗ್ರಹವಾದ ‘ಪಟ್ಟೋಲೆ ಪಳಮೆ’ ಇದೆ. ಅದರೊಂದಿಗೆ ತಾಳೆಯಾದ ಮಾತು ವಿಕಿಪೀಡಿಯಕ್ಕೆ ಹೋಯಿತು. ಆಗದ ಮಾತು ಅಜ್ಜಿಯ ಹೆಸರು, ಊರು, ಕೇಳಿದ ದಿನದ ಸಹಿತ ಶಾಲೆಯ ದಾಖಲೆ ಪುಸ್ತಕಕ್ಕೆ ಸೇರಿತು. ಅಲ್ಲಿ ಅದು ಸುಳ್ಳಲ್ಲ, ಇನ್ನೂ ಅಚ್ಚಾಗದ ಆಧಾರ ಎಂದು ಅವಳಿಗೆ ಹೇಳಿದೆ.

ಪದಗಳ ಅರ್ಥಕ್ಕೆ ಹೋಲಿಕೆ ಇಷ್ಟು ಬೆಳೆಯುವುದಿಲ್ಲ. ವಿಕಿಪೀಡಿಯದಂತೆಯೇ ಯಾರೂ ತಿದ್ದಬಹುದಾದ ನಿಘಂಟು ಕನ್ನಡ ವಿಕ್ಷನರಿಯಲ್ಲಿ ನಮೂದುಗಳು ಹೇರಳವಾಗಿದ್ದರೂ ಅನೇಕ ಕಡೆ ಒಂದೆರಡು ಸಮಾನಪದಗಳಿಗೇ ಮುಗಿಯುತ್ತದೆ. ವಿ. ಕೃಷ್ಣ ಅವರೊಬ್ಬರೇ ದಶಕಗಳ ಕಾಲ ಕಟ್ಟಿ, 2019ರಲ್ಲಿ ಮುಕ್ತ ಪರವಾನಗಿಯಲ್ಲಿ ಎಲ್ಲರಿಗೂ ಸಿಕ್ಕ ‘ಅಲರ್’ ಕನ್ನಡ-ಇಂಗ್ಲಿಷ್ ನಿಘಂಟು ಅರ್ಥಛಾಯೆಗಳನ್ನು ಬಿಡಿಸಿ ಕೊಡುವುದರಲ್ಲಿ ಬಹಳ ಮುಂದಿದೆ. ತರಗತಿಯಲ್ಲಿ ನಾನು ತೆರೆಯುವುದು ಅದನ್ನೇ.

ಮಳೆಗಾಲದ ಪ್ರಶ್ನೆ ಬೇರೆ. ಜೂನ್‌ನಿಂದ ಆಗಸ್ಟ್‌ವರೆಗೆ ಕರೆಂಟು, ನೆಟ್‌ವರ್ಕ್ ಎರಡನ್ನೂ ನಂಬಿ ಪಾಠ ಯೋಜಿಸಲಾಗುವುದಿಲ್ಲ. ಆಗ ವಿಶ್ವಕೋಶದ ಸಂಪುಟ ಕಿಟಕಿಯ ಬೆಳಕಿನಲ್ಲೇ ಕೆಲಸಕ್ಕೆ ಬರುತ್ತದೆ. ಕಿವಿಕ್ಸ್ ಎಂಬ ಉಚಿತ ತಂತ್ರಾಂಶದಲ್ಲಿ ಕನ್ನಡ ವಿಕಿಪೀಡಿಯವನ್ನು ಮೊದಲೇ ಇಳಿಸಿಟ್ಟುಕೊಂಡರೆ ಲ್ಯಾಪ್‌ಟಾಪಿನ ಬ್ಯಾಟರಿ ಇರುವಷ್ಟು ಹೊತ್ತು ಅದೂ ನಡೆಯುತ್ತದೆ, ಆದರೆ ಅದರಲ್ಲಿ ಓದಬಹುದೇ ಹೊರತು ತಿದ್ದಲು ಬರುವುದಿಲ್ಲ. ಆದ್ದರಿಂದ ಆ ತಿಂಗಳುಗಳಲ್ಲಿ ಮಕ್ಕಳು ತಿದ್ದುಪಡಿಯನ್ನೂ ಅದರ ಆಧಾರವನ್ನೂ ನೋಟ್‌ಬುಕ್ಕಿನಲ್ಲಿ ಎದುರುಬದುರು ಪುಟಗಳಲ್ಲಿ ಬರೆದಿಡುತ್ತಾರೆ. ನೆಟ್‌ವರ್ಕ್ ಸಿಕ್ಕಿದ ದಿನ ಅವನ್ನು ಮೊದಲು ವಿಕಿಪೀಡಿಯದಲ್ಲಿ ಬರೆದು ಅಭ್ಯಾಸ ಮಾಡಲೆಂದಿರುವ ಪ್ರಯೋಗಪುಟದಲ್ಲಿ ಟೈಪ್ ಮಾಡಿ, ಪರಸ್ಪರ ಓದಿ ನೋಡಿ, ಆಮೇಲೆ ಲೇಖನಕ್ಕೆ ಸೇರಿಸುತ್ತೇವೆ.