ಮ್ಯಾಥ್ಸ್ ಕ್ಲಬ್ಬಾ, ಒಲಿಂಪಿಯಾಡ್ ಕೋಚಿಂಗಾ, ಆನ್‌ಲೈನ್ ಕ್ಲಾಸಾ?

ಎಂಟನೇ ಕ್ಲಾಸಲ್ಲಿರೋ ಮಗಳಿಗೆ ಲೆಕ್ಕದ ಹುಚ್ಚು, ಸ್ಕೂಲ್ ಪುಸ್ತಕದ್ದು ಬೇಗ ಮುಗಿಸಿ ಇನ್ನೇನಿದೆ ಅಂತಾಳೆ, ಹಂಗಾಗಿ ಮೂರೂ ಕಡೆ ಕಳಿಸಿ ನೋಡಿದ್ವಿ. ನನ್ನ ಕೇಳಿದ್ರೆ ಮೊದಲು ಸ್ಕೂಲ್ ಬಿಟ್ಮೇಲೆ ನಡೆಯೋ ಕ್ಲಬ್ಬಿಗೇ ಹಾಕಿ.

ಕೋಚಿಂಗ್ ಕೆಟ್ಟದ್ದೇನಲ್ಲ. ಗಣಿತ ಒಲಿಂಪಿಯಾಡಿನ ಮೊದಲ ಹಂತದ ಪರೀಕ್ಷೆ ಐಓಕ್ಯೂಎಂ, ಅದರ ಪೇಪರಲ್ಲಿ 3 ಗಂಟೆಗೆ 30 ಪ್ರಶ್ನೆ, ಉತ್ತರ ಎಲ್ಲಾ 00ರಿಂದ 99ರೊಳಗಿನ ನಂಬರ್ರು, ಓಎಂಆರ್ ಶೀಟ್ ತುಂಬಿದ್ರೆ ಆಯ್ತು, ಹೆಂಗೆ ಬಂತು ಅಂತ ಯಾರೂ ಕೇಳಲ್ಲ. ಆ ಸ್ಪೀಡು ಕೋಚಿಂಗಲ್ಲಿ ಚೆನ್ನಾಗಿ ಬರುತ್ತೆ. ಆದ್ರೆ ಅದರ ಮುಂದಿನ ಹಂತದ ಪರೀಕ್ಷೆ ಆರ್‌ಎಂಓಗೆ ಹೋದ್ರೆ ಅದೇ 3 ಗಂಟೆಗೆ ಬರೀ 6 ಲೆಕ್ಕ, ಒಂದೊಂದಕ್ಕೂ ಯಾಕೆ ಹಿಂಗೆ ಅಂತ ಪೂರ್ತಿ ಸಾಧಿಸಿ ಬರೀಬೇಕು, ಅಲ್ಲಿ ಟ್ರಿಕ್ಕುಗಳು ಕೈಕೊಡುತ್ವೆ.

ಒಂದು ಲೆಕ್ಕ ನೋಡಿ. ಬೋರ್ಡ್ ಮೇಲೆ 1ರಿಂದ 10ರವರೆಗೆ ಬರೀರಿ, ಯಾವ್ದಾದ್ರೂ ಎರಡು ಅಳಿಸಿ ಅವುಗಳ ವ್ಯತ್ಯಾಸ ಬರೀರಿ, ಹಿಂಗೇ ಮಾಡ್ತಾ ಹೋದ್ರೆ ಕೊನೆಗೆ 0 ಉಳಿಯೋಕೆ ಸಾಧ್ಯಾನಾ? ಕೋಚಿಂಗಲ್ಲಿ ಸರ್ 'ಪ್ಯಾರಿಟಿ' (ಅಂದ್ರೆ ಸರಿ-ಬೆಸ) ಅಂತ ಹೆಡ್ಡಿಂಗ್ ಹಾಕಿ ಎರಡೇ ಸಾಲಲ್ಲಿ ಮುಗಿಸಿದ್ರಂತೆ. ಕ್ಲಬ್ಬಲ್ಲಿ ಮೇಡಂ ಡಸ್ಟರ್ ಮಕ್ಕಳ ಕೈಗೇ ಕೊಟ್ಟು ಹಿಂದಿನ ಬೆಂಚಲ್ಲಿ ಕೂತ್ಬಿಟ್ರು. ಒಬ್ಬನಿಗೆ 1 ಬಂತು, ಇನ್ನೊಬ್ಬಳಿಗೆ 5, ಸೊನ್ನೆ ಮಾಡೇ ಮಾಡ್ತೀನಿ ಅಂತ ಹಟಕ್ಕೆ ಬಿದ್ದ ಹುಡುಗ ಎರಡು 4 ಉಳಿಸ್ಕೊಳ್ಳೋಕೆ ಏನೇನೋ ಸರ್ಕಸ್ ಮಾಡಿ 4, 5ಕ್ಕೆ ಬಂದು ನಿಂತ. ಆಮೇಲೆ ಒಬ್ಬಳಿಗೆ ಹೊಳೀತು, ಮೊದಲಿನ ಮೊತ್ತ 55, ಬೆಸ, ಪ್ರತಿ ಸಲ ಕಮ್ಮಿ ಆಗೋದು ಚಿಕ್ಕ ನಂಬರಿನ ಎರಡರಷ್ಟು, ಅಂದ್ಮೇಲೆ ಬೆಸ ಬೆಸವಾಗೇ ಉಳಿಯುತ್ತೆ, 0 ಬರೋಕೆ ಸಾಧ್ಯಾನೇ ಇಲ್ಲ! ಮೇಡಂ ಅಷ್ಟಕ್ಕೇ ಬಿಡ್ಲಿಲ್ಲ, 1ರಿಂದ 11 ಆದ್ರೆ ಅಂತ ಕೇಳಿ ಮನೆಗೆ ಕಳಿಸಿದ್ರು, ರಾತ್ರಿ ಊಟಕ್ಕೆ ಕೂತಾಗ್ಲೂ ಅದೇ ಮಾತು. (ಆಗುತ್ತೆ, ನೀವೇ ಮಾಡ್ನೋಡಿ.)

ಆನ್‌ಲೈನಲ್ಲಿ ಯಾರೋ ಒಬ್ಬ ಚಾಟಲ್ಲಿ ಉತ್ತರ ಟೈಪ್ ಮಾಡ್ಬಿಡ್ತಾನೆ, ಉಳಿದವರ ಯೋಚನೆ ಅಲ್ಲಿಗೇ ಬಂದ್. ಹತ್ತಿರ ಏನೂ ಇಲ್ದಿರೋ ಊರಿನ ಮಕ್ಕಳಿಗೆ ಮಾತ್ರ ಅದೇ ದಾರಿ, ಅದನ್ನ ತೆಗೆದುಹಾಕಂಗಿಲ್ಲ.

ಕ್ಲಬ್ಬಲ್ಲೂ ತೊಂದ್ರೆ ಇದೆ. ಪರೀಕ್ಷೆ ತಿಂಗಳು ಬಾಗಿಲು ಹಾಕುತ್ತೆ, ಆರನೇ ಕ್ಲಾಸು ಒಂಬತ್ತನೇ ಕ್ಲಾಸು ಒಟ್ಟಿಗೆ ಕೂರ್ತಾರೆ, ಎಲ್ಲಾ ಆ ಒಬ್ಬ ಮೇಡಂ ಮೇಲೇ ನಿಂತಿರೋದು, ಅವರಿಗೆ ಟ್ರಾನ್ಸ್‌ಫರ್ ಆದ್ರೆ ಕಥೆ ಮುಗೀತು. ಎಕ್ಸಾಮ್ ಪ್ರಾಕ್ಟೀಸೂ ಇಲ್ಲ, ಅದಕ್ಕೆ ಮುಂಬೈಯ ವಿಜ್ಞಾನ ಶಿಕ್ಷಣ ಸಂಸ್ಥೆ ಹೋಮಿ ಭಾಭಾ ಸೆಂಟರ್ ಸೈಟಲ್ಲಿ ಒಲಿಂಪಿಯಾಡಿನ ಹಳೇ ಪೇಪರ್ ಫ್ರೀಯಾಗಿ ಸಿಗುತ್ವೆ, ಭಾನುವಾರ ಗಡಿಯಾರ ಇಟ್ಕೊಂಡು ಮನೇಲೇ ಬರೀತಾಳೆ. ಕೋಚಿಂಗ್ ಬಿಡಿಸಿದೀವಿ, ಬೇಕು ಅನ್ಸಿದ್ರೆ ಒಂಬತ್ತನೇ ಕ್ಲಾಸಲ್ಲಿ ಅವಳೇ ಕೇಳ್ಲಿ.